ಸೊಂಟದಲ್ಲಿ ಕಾಣುವ ಪಿಸ್ತೂಲು, ಎದುರಿಗೆ ಪೊಲೀಸರು: ಅಮೆರಿಕದ ಓಪನ್ ಕ್ಯಾರಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು, ನಾಲ್ಕು ಜನಕ್ಕೆ ಕಾಣುವ ಹಾಗೆ, ಅಂಗಡಿಗೆ ಹೋಗಿ ಹಾಲು ತರುವುದು ಅಪರಾಧವಲ್ಲ. ಇದನ್ನೇ ಓಪನ್ ಕ್ಯಾರಿ ಎನ್ನುತ್ತಾರೆ. ಆದರೆ ಅದನ್ನು ಕಂಡವರು ಗಾಬರಿಯಿಂದ ಪೊಲೀಸರಿಗೆ ಫೋನ್ ಮಾಡುತ್ತಾರೆ, ಪೊಲೀಸರು ಬರುತ್ತಾರೆ. ಮುಂದಿನ ಒಂದೆರಡು ನಿಮಿಷದಲ್ಲಿ ಯಾರ ಕೈ ಎತ್ತ ಹೋಯಿತು ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು, ಅಲ್ಲಿಗೆ ಓದಲು ಅಥವಾ ಕೆಲಸಕ್ಕೆ ಹೊರಟವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ವರ್ಷದಿಂದ ವರ್ಷಕ್ಕೂ ಬೇರೆ. ನಿಮ್ಮ ಮೇಲೆ ಪ್ರಕರಣವಿದ್ದರೆ ಆ ರಾಜ್ಯದ ವಕೀಲರನ್ನೇ ಕೇಳಬೇಕು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ನಮ್ಮ ರಾಜ್ಯದಲ್ಲಿ ಓಪನ್ ಕ್ಯಾರಿಗೆ ಅನುಮತಿ ಇದೆಯಲ್ಲ, ನಾನೂ ಇಟ್ಟುಕೊಳ್ಳಬಹುದೇ?

ಇಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ವಲಸೆಯೇತರ ವೀಸಾದಲ್ಲಿ, ಅಂದರೆ ತಾತ್ಕಾಲಿಕವಾಗಿ ಇರಲು ಕೊಡುವ ವೀಸಾದಲ್ಲಿ, ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದಿರುವುದೇ ಕೇಂದ್ರ ಕಾನೂನಿನಡಿ ಅಪರಾಧ. ಎಚ್-1ಬಿ, ಎಚ್-4, ಎಲ್-1, ಎಫ್-1, ಪ್ರವಾಸಿ ವೀಸಾ ಎಲ್ಲಕ್ಕೂ ಇದು ಅನ್ವಯ. ಶಿಕ್ಷೆ 15 ವರ್ಷದವರೆಗೆ ಹೋಗಬಹುದು. ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರಿಗೂ ಅದೇ ಕಾರಣವಾಗುತ್ತದೆ. ರಾಜ್ಯದ ಕಾನೂನು ಎಷ್ಟೇ ಸಡಿಲವಿದ್ದರೂ ಈ ನಿಷೇಧ ಸಡಿಲವಾಗುವುದಿಲ್ಲ.

ಮುಖ್ಯವಾದ ವಿನಾಯಿತಿಯೆಂದರೆ ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅದಿಲ್ಲದೆ ಶೂಟಿಂಗ್ ರೇಂಜಿಗೆ ಗೆಳೆಯರ ಜೊತೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದರೂ ಅದು ‘ಹೊಂದಿರುವುದು’ ಎಂದೇ ಲೆಕ್ಕ. ಆ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕಿದರೆ ಸಾಕ್ಷ್ಯವನ್ನೂ ನೀವೇ ಒದಗಿಸಿದಂತೆ.

ಗಂಡ ಅಮೆರಿಕದ ಪ್ರಜೆ, ಹೆಂಡತಿ ಎಚ್-1ಬಿ ಎಂದಿಟ್ಟುಕೊಳ್ಳಿ. ಮನೆಯ ತಿಜೋರಿಯಲ್ಲಿ ಪಿಸ್ತೂಲಿದೆ, ತಿಜೋರಿಯ ಸಂಖ್ಯೆ ಹೆಂಡತಿಗೂ ಗೊತ್ತಿದೆ. ಇಷ್ಟಾದರೆ ಅದು ಆಕೆಯ ಹಿಡಿತದಲ್ಲೂ ಇದೆ ಎಂದು ವಾದಿಸಲು ಸರ್ಕಾರಿ ವಕೀಲರಿಗೆ ದಾರಿಯಾಗುತ್ತದೆ. ಸಂಖ್ಯೆ ಗಂಡನೊಬ್ಬನಿಗೇ ಗೊತ್ತಿರಲಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ಅರ್ಜಿ ಹಾಕಿ ಕಾಯುತ್ತಿರುವವರು ಕಾರ್ಡ್ ಕೈಗೆ ಬರುವವರೆಗೂ ನಿಷೇಧವಿದೆ ಎಂದೇ ನಡೆದುಕೊಳ್ಳುವುದು ಕ್ಷೇಮ.

ಕೊಡಗಿನವರಿಗೆ ಇದು ವಿಚಿತ್ರವೆನಿಸಬಹುದು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲಿ ಬೆಳೆದವರಿಗೆ ತೋಕ್ (ಕೋವಿ) ಮನೆಯದೇ ವಸ್ತು. ಆದರೆ ಭಾರತದ ಕಾನೂನು ಕೊಡವರಿಗೆ ಬಂದೂಕು ಲೈಸೆನ್ಸಿನಿಂದ ಕೊಟ್ಟ ವಿನಾಯಿತಿ ಭಾರತದೊಳಗೆ ಮಾತ್ರ ನಡೆಯುತ್ತದೆ.

ಓಪನ್ ಕ್ಯಾರಿ ಎಲ್ಲಿದೆ, ಎಲ್ಲಿಲ್ಲ?

ಹೆಚ್ಚಿನ ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದೆ. ಟೆಕ್ಸಸ್‌ನಲ್ಲಿ 2016ರ ಜನವರಿ 1ರಿಂದ ಲೈಸೆನ್ಸ್ ಇದ್ದವರಿಗೆ, 2021ರ ಸೆಪ್ಟೆಂಬರ್ 1ರಿಂದ ಅರ್ಹರಾದ 21 ದಾಟಿದವರಿಗೆ ಲೈಸೆನ್ಸ್ ಇಲ್ಲದೆಯೂ ಅನುಮತಿಯಿದೆ. ಆದರೆ ಕಾಣುವಂತಿದ್ದರೆ ಹೋಲ್ಸ್ಟರಿನಲ್ಲೇ (ಪಿಸ್ತೂಲು ಇಡುವ ಚೀಲದಲ್ಲಿ) ಇರಬೇಕು. ಇಲಿನಾಯ್ ಮತ್ತು ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಪಡೆದವರೂ ಪಿಸ್ತೂಲನ್ನು ಮರೆಮಾಡಿಯೇ ಒಯ್ಯಬೇಕು. ಫ್ಲಾರಿಡಾದಲ್ಲಿ ದಶಕಗಳಿಂದಿದ್ದ ನಿಷೇಧವನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2025ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಆದ್ದರಿಂದ ಗೆಳೆಯರು ಹೇಳಿದ್ದನ್ನು ನಂಬದೆ ಪ್ರಯಾಣಕ್ಕೆ ಮುನ್ನ ಆ ರಾಜ್ಯದ ಅಟಾರ್ನಿ ಜನರಲ್ ಅಥವಾ ರಾಜ್ಯ ಪೊಲೀಸರ ಪುಟವನ್ನೇ ನೋಡಿ.

ಬಹಳ ಜನ ಎಡವುವುದು ಜಾಕೆಟ್ಟಿನಲ್ಲಿ. ಮಿಷಿಗನ್, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಕಾಣುವಂತೆ ಒಯ್ಯುವುದಕ್ಕೂ ಮರೆಮಾಡಿ ಒಯ್ಯುವುದಕ್ಕೂ ನಿಯಮ ಬೇರೆ ಬೇರೆ. ಚಳಿಗೆ ಜಾಕೆಟ್ ಹಾಕಿಕೊಂಡಿರಿ, ಅದರ ಅಂಚು ಜಾರಿ ಪಿಸ್ತೂಲಿನ ಮೇಲೆ ಬಿತ್ತು ಎಂದರೆ, ಲೈಸೆನ್ಸ್ ಇಲ್ಲದಿದ್ದಲ್ಲಿ ಅಷ್ಟೇ ಅಪರಾಧವಾಗುತ್ತದೆ. ಕಾರು ಹತ್ತಿದ ಕೂಡಲೇ ನಿಯಮ ಬದಲಾಗುವ ರಾಜ್ಯಗಳೂ ಇವೆ. ಈ ಎರಡೂ ಅಂಥವೇ.

ಪಿಸ್ತೂಲು ಕಂಡಿತೆಂಬ ಒಂದೇ ಕಾರಣಕ್ಕೆ ಪೊಲೀಸರು ತಡೆದು ನಿಲ್ಲಿಸಬಹುದೇ?

ಕಾನೂನಿನ ತಿರುಳು ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಪೊಲೀಸರ ಭೇಟಿಗೆ ಮೂರು ಮಟ್ಟಗಳಿವೆ. ಮೊದಲನೆಯದು ಬರೀ ಮಾತು. ಯಾವ ಕಾರಣವೂ ಬೇಡ, ಅವರು ಬಂದು ‘ಹೇಗಿದ್ದೀರಿ, ಎಲ್ಲಿಗೆ ಹೊರಟಿರಿ’ ಎಂದು ಕೇಳಬಹುದು. ನೀವು ಉತ್ತರಿಸದೆ ಹೊರಡಲೂಬಹುದು. ಎರಡನೆಯದು ತಾತ್ಕಾಲಿಕ ತಡೆ. ಅಪರಾಧ ನಡೆದಿದೆ ಅಥವಾ ನಡೆಯಲಿದೆ ಎನ್ನಲು ಬಾಯಿಬಿಟ್ಟು ಹೇಳಬಲ್ಲ ನಿರ್ದಿಷ್ಟ ಕಾರಣ ಇರಬೇಕೆಂದು ಸುಪ್ರೀಂ ಕೋರ್ಟ್ 1968ರಲ್ಲಿ ಟೆರ‍್ರಿ ವಿರುದ್ಧ ಓಹಾಯೊ ಪ್ರಕರಣದಲ್ಲಿ ಹೇಳಿತು. ಮೂರನೆಯದು ಬಂಧನ, ಅದಕ್ಕೆ ಇನ್ನೂ ಬಲವಾದ ಆಧಾರ ಬೇಕು.

ಓಪನ್ ಕ್ಯಾರಿ ಕಾನೂನುಬದ್ಧವಾಗಿರುವ ಕಡೆ, ಹೋಲ್ಸ್ಟರಿನಲ್ಲಿ ಪಿಸ್ತೂಲು ಕಾಣುತ್ತಿದೆ ಎಂಬುದಷ್ಟೇ ಎರಡನೇ ಮಟ್ಟಕ್ಕೆ ಸಾಲದು ಎಂದು, ಸರ್ಕ್ಯೂಟ್ ಎಂದು ಕರೆಯುವ ಕೇಂದ್ರದ ಹಲವು ಮೇಲ್ಮನವಿ ನ್ಯಾಯಾಲಯಗಳು ಹೇಳಿವೆ. ಓಹಾಯೊದ ಟೊಲೆಡೊದಲ್ಲಿ ಒಬ್ಬ ವ್ಯಕ್ತಿ ಹೆಂಡತಿ, ಮಗಳು, ಮೊಮ್ಮಗನ ಜೊತೆ ನಾಯಿಯನ್ನು ಅಡ್ಡಾಡಿಸಲು ಹೊರಟಿದ್ದ, ಸೊಂಟದಲ್ಲಿ ಪಿಸ್ತೂಲಿತ್ತು. ದಾರಿಹೋಕನೊಬ್ಬ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದ. ಬಂದ ಪೊಲೀಸ್ ಅಧಿಕಾರಿ ಪಿಸ್ತೂಲು ಕಿತ್ತುಕೊಂಡು ಕೈಕೋಳ ಹಾಕಿದ. ರಾಜ್ಯದ ಶಾಸನವೇ ಒಪ್ಪಿದ್ದನ್ನು ಮಾಡುತ್ತಿದ್ದವನ ಮೇಲೆ ಅನುಮಾನಕ್ಕೆ ಆಧಾರವಿಲ್ಲ ಎಂದು ಆರನೇ ಸರ್ಕ್ಯೂಟ್ ನ್ಯಾಯಾಲಯ 2015ರಲ್ಲಿ ಆ ಅಧಿಕಾರಿಗೆ ದಾವೆಯಿಂದ ರಕ್ಷಣೆ ನಿರಾಕರಿಸಿತು. ಉತ್ತರ ಕೆರೊಲಿನಾದ ಷಾರ್ಲಟ್‌ನ ಪ್ರಕರಣದಲ್ಲಿ ನಾಲ್ಕನೇ ಸರ್ಕ್ಯೂಟ್ 2013ರಲ್ಲಿ ಇದೇ ದಾರಿ ಹಿಡಿಯಿತು: ಪಿಸ್ತೂಲು ಹೊತ್ತವನು ಹಳೇ ಅಪರಾಧಿಯಿರಬಹುದು ಎಂದು ಎಲ್ಲರನ್ನೂ ಶಂಕಿಸುವ ಹಾಗಿಲ್ಲ. ‘ಆ ಬಸ್ ಸ್ಟಾಪಿನಲ್ಲಿರುವ ಹುಡುಗನ ಬಳಿ ಗನ್ ಇದೆ’ ಎಂಬ ಹೆಸರಿಲ್ಲದ ಕರೆ ತಡೆದು ಶೋಧಿಸಲು ಸಾಲದು ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿತ್ತು.

ಆದರೆ ಸನ್ನಿವೇಶ ಸ್ವಲ್ಪ ಬದಲಾದರೆ ತೀರ್ಪೂ ಬದಲಾಗುತ್ತದೆ. ಟೆನೆಸಿಯ ಒಂದು ಸ್ಟೇಟ್ ಪಾರ್ಕಿನಲ್ಲಿ ಸೈನಿಕರ ಮಾದರಿಯ ಬಟ್ಟೆ ತೊಟ್ಟು, ಎಕೆ-47 ಮಾದರಿಯ ಪಿಸ್ತೂಲು ನೇತುಹಾಕಿಕೊಂಡು, ಅದರ ನಳಿಕೆಯ ತುದಿಗೆ ಆಟಿಕೆಯಂತೆ ಕಿತ್ತಳೆ ಬಣ್ಣ ಬಳಿದುಕೊಂಡು ಬಂದವನನ್ನು ತಡೆದದ್ದು ಸರಿಯೆಂದು ಅದೇ ಆರನೇ ಸರ್ಕ್ಯೂಟ್ 2012ರಲ್ಲಿ ಹೇಳಿತು. ಕೈ ಪಿಸ್ತೂಲಿನ ಹಿಡಿಯ ಮೇಲಿರುವುದು, ಶಾಲೆಯ ಸುತ್ತ ಸುಳಿದಾಡುವುದು, ಯಾರೊಂದಿಗೋ ಜಗಳವಾಡುತ್ತಿರುವುದು, ಕುಡಿದಂತೆ ಕಾಣುವುದು ಪೊಲೀಸರು ಹೇಳಿಕೊಳ್ಳಬಲ್ಲ ಕಾರಣಗಳು.

ಸರಿಯಾದ ಕಾರಣಕ್ಕೇ ತಡೆದರೆ ಪಿಸ್ತೂಲು ತೆಗೆದುಕೊಳ್ಳಬಹುದೇ?

ಸಾಮಾನ್ಯವಾಗಿ ಹೌದು. ಬೇರೊಂದು ಸರಿಯಾದ ಕಾರಣಕ್ಕೆ, ಉದಾಹರಣೆಗೆ ಸೀಟ್ ಬೆಲ್ಟ್ ಹಾಕದ್ದಕ್ಕೆ, ನಿಲ್ಲಿಸಿದವನ ಬಳಿ ಆಯುಧವಿದೆ ಎಂದು ಗೊತ್ತಾದರೆ ಮೈ ತಡವಿ ನೋಡಬಹುದು ಎಂದು ನಾಲ್ಕನೇ ಸರ್ಕ್ಯೂಟ್ 2017ರಲ್ಲಿ ತೀರ್ಪಿತ್ತಿತು. ಟೆಕ್ಸಸ್ ಕಾನೂನಿನಲ್ಲಿ, ತನ್ನ, ನಿಮ್ಮ ಅಥವಾ ಬೇರೆಯವರ ರಕ್ಷಣೆಗೆ ಅಗತ್ಯವೆನಿಸಿದರೆ ಅಧಿಕಾರಿ ಲೈಸೆನ್ಸ್ ಇದ್ದವರಿಂದಲೂ ಪಿಸ್ತೂಲು ತೆಗೆದಿಡಬಹುದು. ಅಪಾಯವಿಲ್ಲವೆಂದು ಕಂಡು, ಅಪರಾಧವೂ ಇಲ್ಲದಿದ್ದರೆ, ಕಳಿಸಿಕೊಡುವ ಮುನ್ನ ವಾಪಸ್ ಕೊಡಬೇಕು.

ವಾಪಸ್ ಬರುವಾಗ ಅದು ಹೇಗಿದ್ದದ್ದು ಹಾಗೇ ಬರುವುದಿಲ್ಲ. ಮ್ಯಾಗಜೀನ್ ಬೇರೆ, ಚೇಂಬರಿನ ಗುಂಡು ಬೇರೆ, ಪಿಸ್ತೂಲು ಬೇರೆ ಮಾಡಿ, ಹಲವು ಸಲ ಕಾರಿನ ಡಿಕ್ಕಿಯಲ್ಲಿಟ್ಟು, ‘ನಾವು ಹೋದ ಮೇಲೆ ತೆಗೆದುಕೊಳ್ಳಿ’ ಎನ್ನುತ್ತಾರೆ. ಅವರ ಎದುರು ಗುಂಡು ತುಂಬಲು ಹೋಗಬೇಡಿ.

ಎದುರಿಗೆ ಪೊಲೀಸರು ಬಂದು ನಿಂತಾಗ ಮೊದಲ ಕ್ಷಣದಲ್ಲಿ ಏನು ಮಾಡಬೇಕು?

ಕೈ ಅಲ್ಲಾಡಿಸಬೇಡಿ. ಅಧಿಕಾರಿ ನೋಡುವುದು ನಿಮ್ಮ ಮುಖವನ್ನಲ್ಲ, ಕೈಯನ್ನು. ಎರಡೂ ಕೈ ಎದೆಯ ಮಟ್ಟಕ್ಕೆ, ಅಂಗೈ ಕಾಣುವಂತೆ, ಮೈಯಿಂದ ದೂರ ಇರಲಿ. ಕೈಯಲ್ಲಿ ಫೋನಿದ್ದರೆ ‘ಕೆಳಗಿಡು’ ಎಂದಾಗ ಮಾತ್ರ ಇಡಿ.

ಪಿಸ್ತೂಲನ್ನು ನೀವಾಗಿ ಮುಟ್ಟಲೇಬೇಡಿ, ‘ಇಗೋ ತೆಗೆದುಕೊಳ್ಳಿ’ ಎಂದು ಕೊಡಲು ಕೂಡ. ಹೋಲ್ಸ್ಟರಿನಲ್ಲಿ ಟ್ರಿಗರ್ ಮುಚ್ಚಿರುವವರೆಗೂ ಅದು ಸುರಕ್ಷಿತ. ಹೊರಗೆ ಬಂದ ಕ್ಷಣದಲ್ಲೇ ಅಪಾಯ ಶುರು. ‘ಅದನ್ನು ತೆಗೆದು ಕೊಡು’ ಎಂದು ಅಧಿಕಾರಿಯೇ ಹೇಳಿದರೂ, ‘ನಾನು ಮುಟ್ಟದಿದ್ದರೆ ಒಳ್ಳೆಯದು, ನೀವೇ ತೆಗೆದುಕೊಳ್ಳಿ’ ಎಂದು ಕೈ ಮೇಲಿಟ್ಟುಕೊಂಡೇ ಹೇಳಿ. ಇಬ್ಬರು ಪೊಲೀಸರಿದ್ದರೆ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಪಕ್ಕಕ್ಕೆ ಸರಿದು ಕಾಯುತ್ತಾರೆ. ಆ ಇನ್ನೊಬ್ಬರಿಗೆ ನಿಮ್ಮ ಮಾತು ಅರ್ಧ ಕೇಳಿಸುತ್ತದೆ, ನಿಮ್ಮ ಚಲನೆ ಪೂರ್ತಿ ಕಾಣುತ್ತದೆ.

‘ಗನ್’ ಎಂದು ಜೋರಾಗಿ ಹೇಳಬೇಡಿ, ಆ ಒಂದು ಪದ ಮಾತ್ರ ಕೇಳಿಸಿಕೊಂಡವರು ಎಚ್ಚರಿಕೆಯ ಕೂಗೆಂದು ಭಾವಿಸುತ್ತಾರೆ. ‘ಆಫೀಸರ್, ಐ ಆಮ್ ಲೀಗಲಿ ಆರ್ಮ್ಡ್. ಇಟ್ ಈಸ್ ಹೋಲ್ಸ್ಟರ್ಡ್ ಆನ್ ಮೈ ರೈಟ್ ಹಿಪ್. ವಾಟ್ ವುಡ್ ಯೂ ಲೈಕ್ ಮಿ ಟು ಡೂ?’ ಎಂದರೆ ಸಾಕು.

ಬಲ ಸೊಂಟದಲ್ಲಿ ಪಿಸ್ತೂಲು, ಬಲಗಡೆ ಹಿಂದಿನ ಜೇಬಿನಲ್ಲಿ ಪರ್ಸು ಇಟ್ಟುಕೊಳ್ಳುವವರು ಬಹಳ. ಎರಡಕ್ಕೂ ನಡುವೆ ಒಂದು ಗೇಣೂ ಅಂತರವಿರುವುದಿಲ್ಲ. ಐಡಿ ತೆಗೆಯಲು ಹೋದ ಕೈ, ಮೂರು ಮೀಟರ್ ದೂರದಲ್ಲಿ ನಿಂತವನಿಗೆ ಪಿಸ್ತೂಲಿಗೆ ಹೋದ ಕೈಯಂತೆಯೇ ಕಾಣುತ್ತದೆ. ಪರ್ಸನ್ನು ಎಡಗಡೆ ಮುಂದಿನ ಜೇಬಿಗೆ ಹಾಕಿ. ‘ಎಡಗೈಯಿಂದ ಎಡ ಜೇಬಿನ ಪರ್ಸು ತೆಗೆಯುತ್ತೇನೆ’ ಎಂದು ಹೇಳಿ, ‘ಸರಿ’ ಎಂದ ಮೇಲೆ ನಿಧಾನವಾಗಿ ತೆಗೆಯಿರಿ.

ನಂತರ ಶಾಂತವಾಗಿ ಕೇಳಬೇಕಾದ ಪ್ರಶ್ನೆ: ‘ಆಮ್ ಐ ಬೀಯಿಂಗ್ ಡಿಟೇನ್ಡ್, ಆರ್ ಆಮ್ ಐ ಫ್ರೀ ಟು ಗೋ?’ ಹೋಗಬಹುದೆಂದರೆ ಹೊರಡಿ. ಇಲ್ಲವೆಂದರೆ ನಿಲ್ಲಿ. ಶೋಧನೆಗೆ ‘ಐ ಡೋಂಟ್ ಕನ್ಸೆಂಟ್ ಟು ಎನಿ ಸರ್ಚಸ್’ ಎಂದು ಬಾಯಲ್ಲಿ ಹೇಳಿ, ಮೈಯಿಂದ ತಡೆಯಬೇಡಿ. ತಡೆದದ್ದು ತಪ್ಪೆಂದು ನಿಮಗೆ ನೂರಕ್ಕೆ ನೂರು ಗೊತ್ತಿದ್ದರೂ ಅದನ್ನು ತೀರ್ಮಾನಿಸುವುದು ನ್ಯಾಯಾಧೀಶರು, ಅದೂ ತಿಂಗಳುಗಳ ನಂತರ.

ಹೆಸರು ಹೇಳಲೇಬೇಕೇ? ಐಡಿ ತೋರಿಸಲೇಬೇಕೇ?

ಬರೀ ಮಾತುಕತೆಯ ಮಟ್ಟದಲ್ಲಿ ಬೇಡ. ಅನುಮಾನಕ್ಕೆ ಆಧಾರವಿಲ್ಲದೆ ಗುರುತು ಹೇಳೆಂದು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ. ಸರಿಯಾಗಿ ತಡೆದಿದ್ದರೆ, ರಾಜ್ಯದ ಕಾನೂನು ಕೇಳುವುದಾದರೆ, ಹೆಸರು ಹೇಳಬೇಕೆಂದು 2004ರ ನೆವಾಡಾ ಪ್ರಕರಣದಲ್ಲಿ ಹೇಳಿತು. ಓಹಾಯೊದಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ ಕೇಳಬಹುದು. ಸುಳ್ಳು ಹೆಸರು ಕೊಡುವುದು ಮಾತ್ರ ಬೇರೆಯದೇ ಅಪರಾಧ. ನಮ್ಮ ಸಲಹೆ: ಕಾನೂನುಬದ್ಧವಾಗಿ ಇಟ್ಟುಕೊಂಡಿದ್ದರೆ ತೋರಿಸಿಬಿಡಿ. ಎರಡು ನಿಮಿಷದಲ್ಲಿ ಮುಗಿಯುವುದನ್ನು ಹಕ್ಕಿನ ಪರೀಕ್ಷೆಯಾಗಿಸುವುದು ಯಾರಿಗೂ ಒಳ್ಳೆಯದಲ್ಲ.

ಕಾರಿನಲ್ಲಿದ್ದಾಗ ನಿಲ್ಲಿಸಿದರೆ?

2016ರ ಜುಲೈ 6ರಂದು ಮಿನೆಸೋಟದ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ ಕಪ್ಪು ಜನಾಂಗದ ಯುವಕನ ಕಾರನ್ನು ಪೊಲೀಸರು ನಿಲ್ಲಿಸಿದರು. ಅವನಿಗೆ ಪಿಸ್ತೂಲಿನ ಪರ್ಮಿಟ್ ಇತ್ತು. ತನ್ನ ಬಳಿ ಆಯುಧವಿದೆ ಎಂದು ಅವನೇ ಮರ್ಯಾದೆಯಿಂದ ಹೇಳಿದ. ಕೆಲವೇ ಕ್ಷಣಗಳಲ್ಲಿ ಅಧಿಕಾರಿ ಏಳು ಗುಂಡು ಹಾರಿಸಿದ. ಕಾರಿನಲ್ಲಿ ಅವನ ಗೆಳತಿ, ಅವಳ ನಾಲ್ಕು ವರ್ಷದ ಮಗಳು ಇದ್ದರು. ಮರುವರ್ಷ ಜ್ಯೂರಿ ಅಧಿಕಾರಿಯನ್ನು ಖುಲಾಸೆಗೊಳಿಸಿತು. ಕ್ಯಾಸ್ಟೀಲ್ ತಪ್ಪು ಮಾಡಿದ್ದ ಎಂದು ನಾವು ಹೇಳುತ್ತಿಲ್ಲ. ಆಯುಧವಿದೆ ಎಂದು ತಿಳಿಸುವ ಮಾತೂ, ಕಾಗದಕ್ಕೆ ಹೋಗುವ ಕೈಯೂ ಒಟ್ಟೊಟ್ಟಿಗೆ ನಡೆಯಬಾರದು ಎಂಬ ಪಾಠವನ್ನು ಪರ್ಮಿಟ್ ತರಗತಿಗಳಲ್ಲಿ ಇಂದು ಹೇಳಿಕೊಡುವುದು ಇಂಥ ಸಾವುಗಳ ಕಾರಣಕ್ಕೇ.

ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿ ಇಳಿಸಿ. ರಾತ್ರಿಯಾದರೆ ಒಳಗಿನ ದೀಪ ಹಾಕಿ. ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ. ಪಕ್ಕದವರ ಕೈ ತೊಡೆಯ ಮೇಲೆ ಅಥವಾ ಡ್ಯಾಶ್‌ಬೋರ್ಡ್ ಮೇಲಿರಲಿ. ಸೀಟ್ ಬೆಲ್ಟ್ ಬಿಚ್ಚಬೇಡಿ, ಬಿಚ್ಚುವ ಕೈ ಸೊಂಟದ ಕಡೆಗೇ ಹೋಗುತ್ತದೆ. ಕಾರಿನ ಕಾಗದಪತ್ರ ಮತ್ತು ಪಿಸ್ತೂಲು ಒಂದೇ ಗ್ಲೋವ್ ಬಾಕ್ಸಿನಲ್ಲಿರುವುದು ಎಲ್ಲಕ್ಕಿಂತ ಕೆಟ್ಟ ವ್ಯವಸ್ಥೆ. ಕಾಗದವನ್ನು ತಲೆಯ ಮೇಲಿನ ಸನ್ ವೈಸರಿಗೆ ಸಿಕ್ಕಿಸಿಡಿ. ಇಳಿಯಿರಿ ಎಂದರೆ ಇಳಿಯಲೇಬೇಕು, 1977ರಿಂದ ಆ ಅಧಿಕಾರ ಪೊಲೀಸರಿಗಿದೆ.

ಆಯುಧವಿದೆ ಎಂದು ನೀವಾಗಿ ಹೇಳಬೇಕೇ? ಮಿಷಿಗನ್‌ನಲ್ಲಿ ಮರೆಮಾಡಿ ಒಯ್ಯುವ ಪರ್ಮಿಟ್ ಇದ್ದವರು ತಕ್ಷಣ ಹೇಳಬೇಕು. ಓಹಾಯೊದಲ್ಲಿ 2022ರ ಜೂನ್‌ನಿಂದ, ಕೇಳಿದರೆ ನಿಜ ಹೇಳಿದರೆ ಸಾಕು. ಟೆಕ್ಸಸ್‌ನಲ್ಲಿ ಅಧಿಕಾರಿ ಐಡಿ ಕೇಳಿದರೆ, ಲೈಸೆನ್ಸ್ ಇದ್ದವರು ಅದನ್ನೂ ಜೊತೆಗೇ ತೋರಿಸಬೇಕು.

ಅಂಗಡಿಯಲ್ಲಿ ಪಿಸ್ತೂಲು ಕಟ್ಟಿಕೊಂಡವನೊಬ್ಬ ಕಂಡ. 911ಕ್ಕೆ ಕರೆ ಮಾಡಲೇ?

ನಮ್ಮೂರಿನಿಂದ ಹೋದವರಿಗೆ ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಭಾರತದಲ್ಲಿ 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಇದ್ದವರೂ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲನ್ನು ಹೋಲ್ಸ್ಟರಿನಲ್ಲಿ ಪೂರ್ತಿ ಮುಚ್ಚಿಯೇ ಒಯ್ಯಬೇಕು. ಕಾಣುವ ಪಿಸ್ತೂಲು ಎಂದರೆ ಪೊಲೀಸ್ ಅಥವಾ ಪುಂಡ ಎಂದೇ ನಮ್ಮ ಕಣ್ಣಿಗೆ ಅಭ್ಯಾಸ.

ಪಿಸ್ತೂಲು ಹೋಲ್ಸ್ಟರಿನಲ್ಲಿದೆ, ಮನುಷ್ಯ ತರಕಾರಿ ಆರಿಸುತ್ತಿದ್ದಾನೆ ಎಂದರೆ ಕರೆಯ ಅಗತ್ಯವಿಲ್ಲ. ಇರುಸುಮುರುಸಾದರೆ ಅಲ್ಲಿಂದ ಹೊರಡಿ, ಅಂಗಡಿಯ ಮ್ಯಾನೇಜರಿಗೆ ತಿಳಿಸಿ. ಪಿಸ್ತೂಲು ಕೈಯಲ್ಲಿದ್ದರೆ, ಯಾರಿಗಾದರೂ ಬೆದರಿಕೆ ಹಾಕುತ್ತಿದ್ದರೆ, ಕುಡಿದು ತೂರಾಡುತ್ತಿದ್ದರೆ ತಡಮಾಡದೆ ಕರೆ ಮಾಡಿ.

ಕರೆಯಲ್ಲಿ ಕಂಡದ್ದನ್ನು ಮಾತ್ರ ಹೇಳಿ. 2014ರ ಆಗಸ್ಟ್‌ನಲ್ಲಿ ಓಹಾಯೊದ ಬೀವರ್‌ಕ್ರೀಕ್‌ನ ವಾಲ್‌ಮಾರ್ಟಿನಲ್ಲಿ ಜಾನ್ ಕ್ರಾಫರ್ಡ್ ಎಂಬ 22ರ ಯುವಕ, ಅಂಗಡಿಯ ಶೆಲ್ಫಿನಲ್ಲೇ ಮಾರಾಟಕ್ಕಿದ್ದ ಏರ್ ರೈಫಲ್ ಹಿಡಿದು ಫೋನಿನಲ್ಲಿ ಮಾತಾಡುತ್ತಾ ಅಡ್ಡಾಡುತ್ತಿದ್ದ. ಜನರತ್ತ ಗುರಿ ಹಿಡಿಯುತ್ತಿದ್ದಾನೆ ಎಂದು ಒಬ್ಬರು 911ಕ್ಕೆ ಹೇಳಿದರು. ಬಂದ ಪೊಲೀಸರು ಅವನನ್ನು ಗುಂಡಿಟ್ಟು ಕೊಂದರು. ಇನ್ನೊಂದು ತುದಿಯಲ್ಲಿ, 2015ರ ಅಕ್ಟೋಬರ್ 31ರಂದು ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ರೈಫಲ್ ಹಿಡಿದವನ ಬಗ್ಗೆ ಮಹಿಳೆಯೊಬ್ಬರು ಕರೆ ಮಾಡಿದಾಗ, ಅಲ್ಲಿ ಓಪನ್ ಕ್ಯಾರಿ ಕಾನೂನಿದೆ ಎಂಬ ಉತ್ತರ ಬಂತು. ಸ್ವಲ್ಪ ಹೊತ್ತಿನಲ್ಲೇ ಅವನು ಮೂವರನ್ನು ಕೊಂದ. ಎರಡೂ ಕಡೆ ಪೊಲೀಸರು ನೆಚ್ಚಿಕೊಂಡದ್ದು ಫೋನಿನಲ್ಲಿ ಬಂದ ಕೆಲವು ಮಾತುಗಳನ್ನು. ಆದ್ದರಿಂದ ಇವನ್ನು ಹೇಳಿ: ಆಯುಧ ಎಲ್ಲಿದೆ, ಸೊಂಟದಲ್ಲೋ ಕೈಯಲ್ಲೋ. ಅದರ ಬಾಯಿ ಯಾವ ಕಡೆಗಿದೆ. ವ್ಯಕ್ತಿ ಏನು ಮಾಡುತ್ತಿದ್ದಾನೆ. ಬಟ್ಟೆಯ ಬಣ್ಣ ಯಾವುದು. ನೀವು ಎಷ್ಟು ದೂರದಲ್ಲಿದ್ದೀರಿ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಎನ್ನಿ.

ಗುಂಡಿನ ದಾಳಿ ನಡೆದಾಗ ಆಯುಧವಿರುವ ಒಳ್ಳೆಯವನು ಪೊಲೀಸರಿಗೆ ಗೊತ್ತಾಗುತ್ತಾನೆಯೇ?

ಇಲ್ಲ. 2021ರ ಜೂನ್ 21ರಂದು ಕೊಲರಾಡೊದ ಅರ್ವಾಡದಲ್ಲಿ ಜಾನಿ ಹರ್ಲಿ ಎಂಬುವರು ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದಿದ್ದ ಬಂದೂಕುಧಾರಿಯನ್ನು ಹೊಡೆದುರುಳಿಸಿದರು, ನಂತರ ಅವನ ರೈಫಲ್ಲನ್ನು ಕೈಗೆತ್ತಿಕೊಂಡರು. ಆಗ ಬಂದ ಇನ್ನೊಬ್ಬ ಪೊಲೀಸ್, ಇವರೇ ಕೊಲೆಗಾರನೆಂದು ತಿಳಿದು ಗುಂಡು ಹಾರಿಸಿದರು. ಹರ್ಲಿ ಸತ್ತರು. ಅಪಾಯ ಕಳೆದ ಕೂಡಲೇ ಆಯುಧ ಕೈಯಿಂದ ದೂರವಾಗಬೇಕು, ಬಿದ್ದ ಆಯುಧವನ್ನು ಎತ್ತಿಕೊಳ್ಳಬಾರದು. 911ಕ್ಕೆ ನಿಮ್ಮ ಬಟ್ಟೆ, ಚಹರೆ ಹೇಳಬೇಕು. ಪೊಲೀಸರ ಕೂಗು ಕೇಳಿದರೆ ಆ ಕಡೆಗೆ ಗಕ್ಕನೆ ತಿರುಗಬಾರದು, ಆಯುಧದ ಬಾಯಿಯೂ ನಿಮ್ಮ ಜೊತೆಗೇ ತಿರುಗುತ್ತದೆ.

ವಿಡಿಯೊ ಮಾಡಬಹುದೇ?

ಸಾರ್ವಜನಿಕ ಜಾಗದಲ್ಲಿ ಪೊಲೀಸರನ್ನು ಚಿತ್ರೀಕರಿಸುವ ಹಕ್ಕನ್ನು ಹಲವು ಸರ್ಕ್ಯೂಟ್ ನ್ಯಾಯಾಲಯಗಳು ಎತ್ತಿಹಿಡಿದಿವೆ. ಟೆಕ್ಸಸ್ ಸೇರಿದ ಐದನೇ ಸರ್ಕ್ಯೂಟ್ 2017ರಲ್ಲಿ ಹಾಗೆ ಹೇಳಿತು. ಆದರೆ ತಡೆದ ಮೇಲೆ ಜೇಬಿಗೆ ಕೈ ಹಾಕಿ ಫೋನ್ ತೆಗೆಯಬೇಡಿ. ಕಾರಿನ ಸ್ಟ್ಯಾಂಡಿನಲ್ಲಿ ಮೊದಲೇ ಓಡುತ್ತಿರಲಿ, ಅಥವಾ ಜೊತೆಗಿದ್ದವರು ಹತ್ತು ಹೆಜ್ಜೆ ದೂರ ನಿಂತು ಮಾಡಲಿ.

ದೇವಸ್ಥಾನ, ಕನ್ನಡ ಸಂಘದ ಕಾರ್ಯಕ್ರಮಕ್ಕೆ ತರಬಹುದೇ?

ಖಾಸಗಿ ಜಾಗದ ಒಡೆಯರು ಬೇಡವೆಂದರೆ ಬೇಡ. ಟೆಕ್ಸಸ್‌ನಲ್ಲಿ ಬಾಗಿಲ ಬಳಿ 30.07 ಸಂಖ್ಯೆಯ ಫಲಕವಿದ್ದರೆ ಲೈಸೆನ್ಸ್ ಇದ್ದವರಿಗೂ ಕಾಣುವಂತೆ ಒಯ್ಯಲು ನಿಷೇಧ, 30.06 ಇದ್ದರೆ ಮರೆಮಾಡಿ ಒಯ್ಯಲು ನಿಷೇಧ, 30.05 ಇದ್ದರೆ ಲೈಸೆನ್ಸ್ ಇಲ್ಲದವರಿಗೆ ನಿಷೇಧ. ಬಾರಿನಲ್ಲಿ ಕೆಂಪು 51% ಫಲಕ ಕಂಡರೆ ಎಲ್ಲರಿಗೂ ನಿಷೇಧ. ಫಲಕವಿಲ್ಲದಿದ್ದರೂ ಬಾಯಲ್ಲಿ ಹೊರಡಿ ಎಂದರೆ ಹೊರಡಬೇಕು. ಅಲ್ಲೇ ನಿಂತರೆ ಅದು ಅತಿಕ್ರಮ ಪ್ರವೇಶ, ಆಗ ಪೊಲೀಸರಿಗೆ ಗಟ್ಟಿ ಕಾರಣ ಸಿಕ್ಕಂತೆ.

ಯುಗಾದಿ, ರಾಜ್ಯೋತ್ಸವಗಳು, ಮಕ್ಕಳ ಕನ್ನಡ ತರಗತಿಗಳು ಬಾಡಿಗೆಗೆ ಪಡೆದ ಶಾಲಾ ಕಟ್ಟಡದಲ್ಲಿ ನಡೆಯುವುದು ಸಾಮಾನ್ಯ. ಭಾನುವಾರವಾದರೂ ಅದು ಶಾಲೆಯೇ. ಶಾಲೆಯ ಸುತ್ತ 1,000 ಅಡಿಯೊಳಗೆ ಕೇಂದ್ರ ಕಾನೂನಿನ ನಿರ್ಬಂಧವೂ ಇದೆ. ಆಹ್ವಾನ ಪತ್ರಿಕೆಯಲ್ಲೇ ‘ಆಯುಧ ತರಬೇಡಿ’ ಎಂದು ಒಂದು ಸಾಲು ಹಾಕುವುದು ಸಂಘದವರಿಗೆ ಕಷ್ಟವಲ್ಲ. ಪೋಸ್ಟ್ ಆಫೀಸ್ ಮತ್ತು ಕೇಂದ್ರ ಸರ್ಕಾರದ ಕಚೇರಿಗಳ ಒಳಗೂ ಒಯ್ಯುವಂತಿಲ್ಲ.

ನಮ್ಮ ಮೈಬಣ್ಣದಿಂದ ವ್ಯತ್ಯಾಸವಾಗುತ್ತದೆಯೇ?

ಕಾನೂನಿನಲ್ಲಿ ಆಗಬಾರದು. ರಸ್ತೆಯಲ್ಲಿ ಆಗುತ್ತದೆ. ಕ್ಯಾಸ್ಟೀಲ್, ಕ್ರಾಫರ್ಡ್ ಇಬ್ಬರೂ ಕಪ್ಪು ಜನಾಂಗದವರು. ಕಾನೂನುಬದ್ಧ ಆಯುಧ ಎಲ್ಲರ ಸೊಂಟದಲ್ಲೂ ಒಂದೇ ರೀತಿ ಕಾಣುತ್ತದೆ ಎಂದು ನಂಬಿ ಮನೆಯಿಂದ ಹೊರಡಬೇಡಿ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಪಡೆದು, ಆತ್ಮರಕ್ಷಣೆಗೆ ಪಿಸ್ತೂಲು ಬೇಕೇ ಬೇಕು ಎನ್ನುವವರಿಗೆ, ಲೈಸೆನ್ಸ್ ಪಡೆದು ಮರೆಮಾಡಿ ಒಯ್ಯಿರಿ ಎಂಬುದೇ ನಮ್ಮ ಮಾತು. ಯಾರಿಗೂ ಕಾಣದಿದ್ದರೆ ಯಾರೂ ಕರೆ ಮಾಡುವುದಿಲ್ಲ.

ಬಂಧಿಸಿದರೆ, ಅಥವಾ ಅನ್ಯಾಯವಾಗಿ ನಡೆಸಿಕೊಂಡರೆ?

ಬಂಧನವಾದರೆ ಹೆಸರು ಹೇಳಿ, ‘ಐ ವಾಂಟ್ ಎ ಲಾಯರ್’ ಎನ್ನಿ, ಅಲ್ಲಿಗೆ ಮಾತು ನಿಲ್ಲಿಸಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕಾನ್ಸುಲೇಟಿಗೆ ತಿಳಿಸಲು ಕೇಳುವ ಹಕ್ಕಿದೆ, ನೀವಾಗಿಯೇ ಕೇಳಬೇಕು. ವಕೀಲರಿಗೆ ವೀಸಾ ಸ್ಥಿತಿಯನ್ನು ಮೊದಲ ದಿನವೇ ತಿಳಿಸಿ. ಸಣ್ಣ ದಂಡ ಕಟ್ಟಿ ಮುಗಿಸೋಣ ಎಂದು ತಪ್ಪೊಪ್ಪಿಕೊಂಡು, ಆಮೇಲೆ ಗಡೀಪಾರಿನ ನೋಟಿಸ್ ಬಂದಾಗ ಕಣ್ಣು ಬಿಡುವಂತಾಗಬಾರದು.

ದೂರು ಕೊಡುವುದಾದರೆ ಅದೇ ದಿನ ಸಮಯ, ಜಾಗ, ಗಸ್ತು ಕಾರಿನ ಸಂಖ್ಯೆ, ಬ್ಯಾಡ್ಜ್ ಸಂಖ್ಯೆ, ನೋಡಿದವರ ಫೋನ್ ನಂಬರ್ ಬರೆದಿಡಿ. ಪೊಲೀಸರ ಬಾಡಿ ಕ್ಯಾಮೆರಾದ ದೃಶ್ಯ ಮತ್ತು 911 ಕರೆಯ ಧ್ವನಿಮುದ್ರಣಕ್ಕೆ ಬೇಗ ಅರ್ಜಿ ಹಾಕಿ. ಟೆಕ್ಸಸ್‌ನಲ್ಲಿ ಬಾಡಿ ಕ್ಯಾಮೆರಾ ದೃಶ್ಯ ಉಳಿಸಿಡಬೇಕಾದ ಕನಿಷ್ಠ ಅವಧಿ 90 ದಿನ ಮಾತ್ರ. ನಾಗರಿಕ ಹಕ್ಕಿನ ದಾವೆಗೆ ಟೆಕ್ಸಸ್, ಓಹಾಯೊಗಳಲ್ಲಿ ಎರಡು ವರ್ಷದ ಗಡುವಿದೆ.

ಮಗುವಿನ ಕೈಯಲ್ಲಿ ಆಟಿಕೆ ಪಿಸ್ತೂಲಿದ್ದರೆ?

2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡ್‌ನ ಪಾರ್ಕಿನಲ್ಲಿ 12 ವರ್ಷದ ತಾಮೀರ್ ರೈಸ್ ಆಟಿಕೆ ಪಿಸ್ತೂಲಿನೊಂದಿಗೆ ಆಡುತ್ತಿದ್ದ. ಆಟಿಕೆಯೆಂದು ಗುರುತು ಹೇಳುವ ಅದರ ಕಿತ್ತಳೆ ತುದಿ ಕಳಚಿತ್ತು. ಕರೆ ಮಾಡಿದವರು ‘ಬಹುಶಃ ನಕಲಿ, ಬಹುಶಃ ಸಣ್ಣ ಹುಡುಗ’ ಎಂದೇ ಹೇಳಿದ್ದರು. ಆ ಮಾತು ಗಸ್ತು ಕಾರಿನಲ್ಲಿದ್ದವರಿಗೆ ತಲುಪಲಿಲ್ಲ. ಕಾರು ನಿಂತ ಎರಡೇ ಸೆಕೆಂಡಿನಲ್ಲಿ ಗುಂಡು ಹಾರಿತು. ನಿಜವಾದ ಪಿಸ್ತೂಲಿನಂತೆ ಕಾಣುವ ಆಟಿಕೆ, ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಯಾವುದೂ ಮನೆಯ ಅಂಗಳ ದಾಟದಿರಲಿ. ಕಿತ್ತಳೆ ತುದಿಯನ್ನು ಕೀಳಬಾರದು, ಬಣ್ಣ ಬಳಿಯಬಾರದು. ‘ಪೊಲೀಸ್’ ಎಂಬ ಕೂಗು ಕೇಳಿದರೆ ಅದನ್ನು ತೋರಿಸಲು ಹೋಗದೆ ಕೈಬಿಟ್ಟು ಅಲ್ಲಾಡದೆ ನಿಲ್ಲಬೇಕೆಂದು ಮಕ್ಕಳಿಗೆ ಕಲಿಸಿ. ಒಂದು ಸಲ ಹೇಳಿದರೆ ಸಾಲದು, ನಿಂತು ಮಾಡಿಸಿ ನೋಡಿ.